ಬೈಯುವ ಐಸಾಕ್

ಇಂಗ್ಲೆಂಡಿನ ಕಂಬ್ರಿಯಾದ ಕಡಲತೀರದ ಒಂದು ಊರಿನ ಕೆಳದರ್ಜೆಯ ರಗ್ಬಿ ತಂಡ ಸೋತಾಗಲೆಲ್ಲ, ಮುದಿ ಗಾರೆಮೇಸ್ತ್ರಿ ಐಸಾಕ್ ಫಿಯರನ್, "ಮುಗೀತು, ಇನ್ನು ಈ ಕಡೆ ತಲೆ ಹಾಕಿಯೂ ಮಲಗಲ್ಲ" ಎಂದು ಆಣೆಯಿಡುತ್ತಿದ್ದ; ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬೇಲಿಗೊರಗಿ, ಬಾಯ್ತುಂಬ ಮಾಂಸ ತುಂಬಿದ ಬಿಸಿ ಪೈ ಕಡುಬು ಇಟ್ಟುಕೊಂಡೇ ಬೈಯುತ್ತಿದ್ದ. ಆ ಬೈಗುಳದಲ್ಲಿ ಸಿಂಹಪಾಲು ತಂಡದ ಆಟಗಾರ ಡೀನನಿಗೆ. "ಲೋ ಡೀನ, ಸತ್ತ ನಮ್ಮಜ್ಜಿ ಎದ್ದು ಬಂದ್ರೂ ನಿನಗಿಂತ ಗಟ್ಟಿಯಾಗಿ ಚೆಂಡು ಹಿಡೀತಾಳೆ ಕಣೋ!" ಎಂದು ಕೂಗಿದರೆ ರೆಫರಿಗೂ ನಗು. ವಾರವೆಲ್ಲ ಇಟ್ಟಿಗೆ ಗೋಡೆ ಕಟ್ಟುವ ಕೆಲಸ ಮಾಡಿ ಭಾನುವಾರ ಆಡುತ್ತಿದ್ದ ಆ ಡೀನ್, ಫೆಬ್ರವರಿಯ ಪಂದ್ಯದಲ್ಲಿ ಭುಜದ ಮೂಳೆ ಮುರಿದುಕೊಂಡ. ಕೆಲಸವೂ ಹೋಯಿತೆಂದು ಮನೆಯವರು ಕಂಗಾಲಾದರು. ಆದರೆ ಕೆಲಸ ಹೋಗಲಿಲ್ಲ. ಆರು ವಾರ ಅವನ ಜಾಗದಲ್ಲಿ ನಿಂತು ಗೋಡೆ ಕಟ್ಟಿದವನು ಎಪ್ಪತ್ತೊಂದರ ಐಸಾಕ್. ಡೀನ್ ಕಣ್ಣೀರಿಡುತ್ತ ಕೈಹಿಡಿದಾಗ ಮುದುಕನೆಂದ: "ಬಿಡೋ, ನೀನು ಕಟ್ಟಿದ ಗೋಡೆ ನೋಡ್ದೆ. ಅದಕ್ಕಿಂತ ನಿನ್ನ ಆಟಾನೇ ವಾಸಿ."