ಮೂರು ಸಲ ಕೂಗಿದ ಹೆಸರು

ನನ್ನ ಕೆಲಸ ಹೆಸರು ಕೂಗುವುದು. ಸಾಗರದ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅಟೆಂಡರ್ ಆಗಿದ್ದೇನೆ. ಫೈಲು ಹೊರುತ್ತೇನೆ, ಬಾಗಿಲು ಕಾಯುತ್ತೇನೆ, ನ್ಯಾಯಾಧೀಶರು ಬರುವ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುತ್ತೇನೆ. ಆದರೆ ಊರವರು ನನ್ನನ್ನು ಗುರುತಿಸುವುದು ಗಂಟಲಿನಿಂದ. ಬೆಂಚ್ ಕ್ಲರ್ಕ್ ಒಳಗಿನಿಂದ ಕೇಸಿನ ನಂಬರು ಹೇಳಿದ ಕೂಡಲೇ ನಾನು ಬಾಗಿಲಿಗೆ ಬಂದು ಹೆಸರು, ತಂದೆಯ ಹೆಸರು, ಊರು ಸೇರಿಸಿ ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಬಾರದಿದ್ದರೆ ಗೈರುಹಾಜರಿ ಎಂದು ಬರೆದುಕೊಳ್ಳುತ್ತಾರೆ. ನಾನು ಕೂಗಿದರೆ ರಸ್ತೆಯಾಚೆ ಹೋಟೆಲಿನಲ್ಲಿ ಕೂತವರೂ ಚಹಾ ಅರ್ಧಕ್ಕೇ ಬಿಟ್ಟು ಓಡಿ ಬರುತ್ತಿದ್ದರು. ಅದನ್ನು ನೋಡುವಾಗ ನನಗೊಂದು ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಗಂಟಲು ಶರಾವತಿ ಹಿನ್ನೀರಿನಾಚೆಯ ನನ್ನೂರು ತುಮರಿಯದು. ಸೇತುವೆ ಇಲ್ಲದ ಕಾಲದಲ್ಲಿ ನಾವು ದಡಕ್ಕೆ ಬರುವಷ್ಟರಲ್ಲಿ ಲಾಂಚ್ ಹೊರಟುಬಿಟ್ಟಿದ್ದರೆ ಅಪ್ಪ ನನ್ನ ಬೆನ್ನು ತಟ್ಟಿ, "ಕೂಗೋ" ಎನ್ನುತ್ತಿದ್ದ. ಕೂಗಿ ಕೂಗಿ ಲಾಂಚನ್ನು ವಾಪಸು ತಿರುಗಿಸಿದ್ದೂ ಉಂಟು. ಕೋರ್ಟಿನಲ್ಲಿ ಕೆಲಸ ಸಿಕ್ಕಿದಾಗ ಅಪ್ಪ, "ಗಂಟ್ಲಿಗೂ ಪಗಾರ ಬಂತಲ್ಲೋ" ಎಂದು ನಕ್ಕಿದ್ದ.

ತರಬೇತಿಯ ಆದೇಶ ಬಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಮಕ್ಕಳ ಪ್ರಕರಣಗಳನ್ನು ನಡೆಸುವ ನ್ಯಾಯಾಧೀಶರಿಗೂ ಸಿಬ್ಬಂದಿಗೂ ಒಂದು ದಿನದ ತರಬೇತಿ, ಸಾಗರದಲ್ಲಿ, ಎರಡನೇ ಶನಿವಾರ. ಆ ದಿನ ವರದಮೂಲದಲ್ಲಿ ನನ್ನ ತಂಗಿಯ ಮೊಮ್ಮಗುವಿನ ನಾಮಕರಣ. ಹೋಗಲು ಆಗುವುದಿಲ್ಲ ಎಂದು ತಂಗಿಗೆ ಫೋನು ಮಾಡಿ ಬೈಸಿಕೊಂಡು, ಮುಖ ಊದಿಸಿಕೊಂಡೇ ಸಭಾಂಗಣಕ್ಕೆ ಹೋದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ಕಡೆಯ ನ್ಯಾಯಾಧೀಶರು ಮುಂದಿನ ಸಾಲಿನಲ್ಲಿದ್ದರು. ಅವರ ಹಿಂದೆ ಶಿರಸ್ತೇದಾರರು, ಗುಮಾಸ್ತರು, ಟೈಪಿಸ್ಟರು. ಕೊನೆಯ ಸಾಲು ನಮ್ಮಂಥವರದ್ದು.

"ಸಾಹೇಬ್ರಿಗೆ ಕಲ್ಸಿದ್ರೆ ಸಾಕಲ್ದಾ ಮಾರಾಯ? ಬಾಗ್ಲು ತೆಗೆಯೋರಿಗೆ ಎಂತ ಕಲಿಸ್ತಾರೆ? ಮೆಲ್ಲಗೆ ತೆಗೀರಿ ಅಂತನಾ?" ಎಂದು ಪಕ್ಕದಲ್ಲಿದ್ದ ಹೊಸನಗರದ ಅಟೆಂಡರಿಗೆ ಹೇಳಿದೆ.

"ಊಟಕ್ಕೆ ಪಾಯಸ ಉಂಟಂತೆ. ಸುಮ್ನಿರು" ಎಂದ ಅವನು.

ಕಲಿಸಲು ಬಂದವರು ಶಿವಮೊಗ್ಗದ ಒಬ್ಬ ಹೆಂಗಸು. ಕೋರ್ಟು ಕಚೇರಿಗಳಿಗೆ ಬರಬೇಕಾದ ಮಕ್ಕಳ ಜೊತೆ ಬಹಳ ವರ್ಷ ಕೆಲಸ ಮಾಡಿದವರಂತೆ. ಅವರ ದನಿ ಎಷ್ಟು ಸಣ್ಣದೆಂದರೆ ಕೊನೆಯ ಸಾಲಿಗೆ ಅರ್ಧ ಮಾತು ಬರುತ್ತಿರಲಿಲ್ಲ. ಇವರಿಗೆ ಗಂಟಲೇ ಇಲ್ಲವಲ್ಲ ಎಂದುಕೊಂಡೆ. ಮಗುವನ್ನು ಕಟಕಟೆಯಲ್ಲಿ ನಿಲ್ಲಿಸಬಾರದು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕು, ಸುಮ್ಮನಿದ್ದರೆ ಸುಮ್ಮನಿರಲು ಬಿಡಬೇಕು, ಎತ್ತರದ ಕುರ್ಚಿಯಿಂದ ಇಳಿದು ಮಗುವಿನ ಸಮಕ್ಕೆ ಕೂರಬೇಕು, ಕರಿ ಕೋಟು ತೆಗೆದಿಡಬೇಕು ಎಂದೆಲ್ಲ ಹೇಳಿದರು. ನಾನು ತಲೆಯಾಡಿಸಿದೆ. ನನ್ನ ಹತ್ತಿರ ಎತ್ತರದ ಕುರ್ಚಿಯೂ ಇಲ್ಲ, ಕರಿ ಕೋಟೂ ಇಲ್ಲ.

ಊಟಕ್ಕೆ ಮುಂಚೆ ಅವರು ನ್ಯಾಯಾಧೀಶರೆಲ್ಲರ ಮೊಬೈಲು ತೆಗೆಸಿಟ್ಟು, ಅವರಿಗೆ ಹೊರಗಿನ ಬೆಂಚಿನ ಮೇಲೆ ಕೂತಿರಲು ಹೇಳಿದರು. ಯಾಕೆ, ಎಷ್ಟು ಹೊತ್ತು ಎಂದು ಹೇಳಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ನನ್ನನ್ನು ಕರೆದು ಒಂದು ಚೀಟಿ ಕೊಟ್ಟರು. ನಮ್ಮ ಕೋರ್ಟಿನ ನ್ಯಾಯಾಧೀಶೆ, ನಾವು ಮೇಡಂ ಎನ್ನುವವರು, ಅವರ ಹೆಸರು, ತಂದೆಯ ಹೆಸರು, ಊರು ಅದರಲ್ಲಿತ್ತು.

"ದಿನಾ ಹೇಗೆ ಕೂಗ್ತೀರೋ ಹಾಗೇ ಕೂಗಿ" ಎಂದರು.

"ಮೇಡಂ ಹೆಸ್ರಾ? ನನ್ ಕೈಲಾಗಲ್ಲಮ್ಮ."

"ಏನು ಮಾಡಿಸ್ಬೇಕೋ ಮಾಡಿಸಿ ಅಂತ ಮೇಡಂ ಅವರೇ ನನಗೆ ಹೇಳಿದ್ದಾರೆ. ಕೂಗಿ."

ಕಣ್ಣು ಮುಚ್ಚಿಕೊಂಡು ಕೂಗಿದೆ, ಮೂರು ಸಲ. ತೀರ್ಥಹಳ್ಳಿಯ ನ್ಯಾಯಾಧೀಶರ ಜೊತೆ ಏನೋ ಮಾತಾಡುತ್ತಿದ್ದ ಮೇಡಂ ಧಡಕ್ಕನೆ ಎದ್ದರು. ಒಂದು ಚಪ್ಪಲಿ ಬೆಂಚಿನ ಕೆಳಗೇ ಉಳಿಯಿತು. ನನ್ನ ದನಿಯನ್ನು ದಿನಾ ಕೇಳುವವರೇ ಅವರು. ಒಳಗೆ ಬಂದ ಮೇಲೆ, ಏನನ್ನಿಸಿತು ಎಂದು ಆ ಹೆಂಗಸು ಕೇಳಿದರು.

"ಏನೋ ತಪ್ಪು ಮಾಡಿದೀನಿ ಅನ್ನಿಸ್ತು. ಬಾಗಿಲಿಗೆ ಬರೋವರೆಗೂ ಏನು ತಪ್ಪು ಅಂತ ಹುಡುಕ್ತಾನೇ ಇದ್ದೆ" ಎಂದರು ಮೇಡಂ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ಹೆಂಗಸು ನಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: "ಕೋರ್ಟಿಗೆ ಬಂದ ಮಗುವಿನ ಜೊತೆ ಮೊದಲು ಮಾತಾಡೋದು ಯಾರು?"

"ವಕೀಲ್ರು."

"ಅವರು ದೊಡ್ಡವರ ಜೊತೆ ಮಾತಾಡ್ತಾರೆ. ಬೆಂಚಿನ ಮೇಲೆ ಮಗು ಕೂತಿರುತ್ತೆ, ಬಾಗಿಲಲ್ಲಿ ನೀವು ನಿಂತಿರ್ತೀರಿ. ನೀವು ಏನು ಹೇಳ್ತೀರಿ ಅದಕ್ಕೆ?"

"ಎಂತ ಇಲ್ಲಮ್ಮ. ಮಕ್ಳಿಗೆ ಬೇಜಾರಾಗ್ಬಾರ್ದಲ್ಲ, ಸುಮ್ನೆ ತಮಾಷೆ ಮಾಡ್ತೀನಿ."

ಹೇಳಿ ಮುಗಿಸುವಷ್ಟರಲ್ಲಿ ಎರಡು ವರ್ಷದ ಹಿಂದೆ ನಮ್ಮ ಕೋರ್ಟಿನ ಬೆಂಚಿನ ಮೇಲೆ ಕೂತಿದ್ದ ಒಂದು ಹುಡುಗಿ ನೆನಪಾದಳು.

ಆಗ ಅವಳಿಗೆ ಎಂಟು ವರ್ಷ. ತಾಯಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಆ ಕಾಯಿಲೆಯ ಕಾಲದಿಂದಲೂ ಹುಡುಗಿಯನ್ನು ನೋಡಿಕೊಂಡಿದ್ದವಳು ತೀರ್ಥಹಳ್ಳಿಯಲ್ಲಿ ಹೊಲಿಗೆ ಕೆಲಸ ಮಾಡುವ ಚಿಕ್ಕಮ್ಮ. ಅಪ್ಪ ಹೊಸನಗರದವನು, ಲಾರಿ ಓಡಿಸುತ್ತಿದ್ದ. ಕೆಟ್ಟವನೇನಲ್ಲ, ಆದರೆ ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಮಗು ತನ್ನ ಹತ್ತಿರ ಇರಬೇಕು ಎಂದು ಅವನು, ತನ್ನ ಹತ್ತಿರ ಇರಲಿ ಎಂದು ಚಿಕ್ಕಮ್ಮ. ಹೊಸನಗರದ ಇಂಥ ತಕರಾರುಗಳೂ ನಮ್ಮ ಕೋರ್ಟಿಗೇ ಬರುವುದರಿಂದ ನಮ್ಮಲ್ಲಿ ಕೇಸು ನಡೆಯುತ್ತಿತ್ತು. ಆಗಿನ ಸಾಹೇಬರು ಹುಡುಗಿಯನ್ನೇ ಕೇಳಿಬಿಡೋಣ ಎಂದು ಕರೆಸಿದ್ದರು.

ಬೆಳಿಗ್ಗೆ ಹತ್ತೂವರೆಗೆ ಬಂದು ಕೂತವಳ ಸರದಿ ಮಧ್ಯಾಹ್ನ ಒಂದು ಗಂಟೆಯಾದರೂ ಬಂದಿರಲಿಲ್ಲ. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಮಡಿಲಲ್ಲಿ ನೀರಿನ ಬಾಟಲಿ. ಒಬ್ಬ ಕಳ್ಳತನದ ಆರೋಪಿಯ ಹೆಸರನ್ನು ನಾನು ಕೂಗಿದೆ. ಅವನು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಇಬ್ಬರು ಪೊಲೀಸರ ನಡುವೆ ಹೊರಗೆ ಬಂದು ಜೀಪು ಹತ್ತಿದ. ಹುಡುಗಿ ನನ್ನನ್ನು ಕೇಳಿದಳು, "ಅವ್ರನ್ನ ಎಲ್ಲಿಗೆ ಕರ್ಕೊಂಡು ಹೋಗ್ತಾರೆ?"

"ಜೈಲಿಗೆ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮಕ್ಕಳನ್ನು ಹೆದರಿಸಿ ನಗಿಸುವುದು ನನ್ನ ಚಟ. ನನ್ನ ಮಕ್ಕಳನ್ನೂ ಹಾಗೆಯೇ ಬೆಳೆಸಿದವನು. ಕಣ್ಣು ದೊಡ್ಡದು ಮಾಡಿ, "ನಾ ಯಾರ ಹೆಸ್ರು ಮೂರು ಸಲ ಕೂಗ್ತೀನೋ ಅವ್ರನ್ನೆಲ್ಲ ಕರ್ಕೊಂಡು ಹೋಗ್ತಾರೆ. ತಪ್ಪು ಮಾಡಿದೋರನ್ನ ಬಿಡೋದೇ ಇಲ್ಲ" ಎಂದೆ. ಅವಳು ನಗಲಿಲ್ಲ. ಅದನ್ನು ನಾನು ಗಮನಿಸಲೂ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಮತ್ತೊಂದು ನಂಬರು ಬಂತು.

ಅರ್ಧ ಗಂಟೆಯ ಮೇಲೆ ಬೆಂಚ್ ಕ್ಲರ್ಕ್ ಅವಳ ಹೆಸರು ಹೇಳಿದರು. ಅವಳು ನನ್ನಿಂದ ನಾಲ್ಕು ಮಾರು ದೂರದಲ್ಲೇ ಕೂತಿದ್ದಳು. ಬಗ್ಗಿ, "ಬಾ ಮಗಾ" ಎಂದಿದ್ದರೆ ಸಾಕಿತ್ತು. ನಾನು ಪದ್ಧತಿ ಬಿಡಲಿಲ್ಲ. ಹೆಸರು, ಅಪ್ಪನ ಹೆಸರು, ಊರು, ಮೂರು ಸಲ, ಪೂರ್ತಿ ಗಂಟಲಿನಲ್ಲಿ. ಜಗಲಿಯಲ್ಲಿದ್ದವರೆಲ್ಲ ತಿರುಗಿ ಅವಳನ್ನೇ ನೋಡಿದರು. ಅವಳ ಕೈಯಿಂದ ಬಾಟಲಿ ಬಿತ್ತು. ಬೆಂಚು ಒದ್ದೆಯಾಗಿತ್ತು. ಬಾಟಲಿಯ ನೀರು ಎಂದು ನಾನೇ ಬಟ್ಟೆ ತಂದು ಒರೆಸಿದೆ. ಒರೆಸುವಾಗ ಗೊತ್ತಾಯಿತು, ಬಾಟಲಿಯ ಮುಚ್ಚಳ ಬಿಗಿಯಾಗಿಯೇ ಇತ್ತು.

ಒಳಗೆ ಸಾಹೇಬರು ಮೇಲಿನ ಕುರ್ಚಿಯಿಂದ ಕೇಳಿದರು: "ಯಾರ ಜೊತೆ ಇರ್ತೀಯಮ್ಮ?" ಮತ್ತೆ ಕೇಳಿದರು. ಮೂರನೆಯ ಸಲಕ್ಕೆ ಅವಳು ಕೈ ಮುಗಿದಳು. "ತಪ್ಪಾಯ್ತು. ಇನ್ನು ಮಾಡಲ್ಲ" ಎಂದಳು. ಬೇರೇನೂ ಹೇಳಲಿಲ್ಲ. ಅಪ್ಪನ ಕಡೆಯ ವಕೀಲರು ಅದನ್ನೇ ಹಿಡಿದುಕೊಂಡರು. ಮಗು ಹೀಗೆ ನಡುಗುತ್ತಿದೆ ಎಂದರೆ ಚಿಕ್ಕಮ್ಮನ ಮನೆಯಲ್ಲಿ ಎಷ್ಟು ಹೊಡೆದು ಬಡಿದು ಹೆದರಿಸಿರಬೇಕು ಎಂದು ವಾದಿಸಿದರು. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾ ನಿಂತಿದ್ದಳು. ನಾನು ಬಾಗಿಲಲ್ಲಿದ್ದೆ. ಆ ಮಾತು ಎಲ್ಲಿಂದ ಬಂತು ಎಂದು ಗೊತ್ತಿರಬೇಕಾದವನು ನಾನೊಬ್ಬನೇ. ನಾನು ಊಟದ ಹೊತ್ತಾಯಿತಲ್ಲ ಎಂದು ಗಡಿಯಾರ ನೋಡುತ್ತಿದ್ದೆ. ಕೆಲವು ದಿನಗಳ ಮೇಲೆ ಹುಡುಗಿಯನ್ನು ಅಪ್ಪನಿಗೆ ಒಪ್ಪಿಸುವಂತೆ ಆದೇಶವಾಯಿತು.

ಇದೆಲ್ಲ ತರಬೇತಿಯ ಸಭಾಂಗಣದಲ್ಲಿ ನಿಂತಲ್ಲೇ ನೆನಪಾಯಿತು. ಆ ಹೆಂಗಸು ನನ್ನ ಮುಖ ನೋಡಿ ಮುಂದೆ ಏನೂ ಕೇಳದೆ, ಎಲ್ಲರನ್ನೂ ಊಟಕ್ಕೆ ಕಳಿಸಿದರು. ಎಲೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದೆ. "ಪಾಯಸಕ್ಕಾದ್ರೂ ಕೈ ಹಾಕು ಮಾರಾಯ" ಎಂದ ಹೊಸನಗರದವನು. ಅವನ ಮೇಲೂ ಸಿಟ್ಟು ಬಂತು.

ಇನ್ನೊಂದು ವಿಷಯ ನನಗೆ ಗೊತ್ತಿತ್ತು. ಚಿಕ್ಕಮ್ಮ ಮತ್ತೆ ಅರ್ಜಿ ಹಾಕಿದ್ದಳು. ಮಗು ಸರಿಯಾಗಿ ಊಟ ಮಾಡುವುದಿಲ್ಲ, ಅಪ್ಪ ಲಾರಿಗೆ ಹೋದಾಗ ಯಾರ‍್ಯಾರದೋ ಮನೆಯಲ್ಲಿ ಬಿಟ್ಟಿರುತ್ತಾನೆ, ಅವಳನ್ನು ಮತ್ತೊಮ್ಮೆ ಕೇಳಬೇಕು ಎಂದು. ಫೈಲು ಹೊತ್ತವನು ನಾನೇ. ಅದರೊಳಗೆ ಹಳೆಯ ಹೇಳಿಕೆಯೂ ಇತ್ತು: ತಪ್ಪಾಯ್ತು, ಇನ್ನು ಮಾಡಲ್ಲ. ಅದು ಇರುವಷ್ಟು ದಿನ ಚಿಕ್ಕಮ್ಮ ಹೊಡೆಯುವವಳು ಎಂಬ ಮಾತೂ ಇರುತ್ತದೆ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಭಾನುವಾರ ಇಡೀ ದಿನ ಮನೆಯಲ್ಲಿ ಎಲ್ಲರ ಮೇಲೆ ಹರಿಹಾಯ್ದೆ. ಕಡೆಗೆ ಹೆಂಡತಿ, "ಎಂತ ಆಗಿದೆ ಅಂತ ಹೇಳ್ಬಾರ್ದಾ?" ಎಂದಳು. ಹೇಳಿದೆ. ಅವಳು ಒಲೆ ಆರಿಸಿ ಬಂದು ಎದುರು ಕೂತಳು. ಆಮೇಲೆ, "ಆ ಹುಡ್ಗಿ ಈಗ ಎಲ್ಲಿದಾಳೆ?" ಎಂದಷ್ಟೇ ಕೇಳಿದಳು.

ಸೋಮವಾರ ಕಲಾಪಕ್ಕೆ ಮುಂಚೆ ಮೇಡಂ ಕೋಣೆಗೆ ಹೋಗಿ, ಆ ಕೇಸಿನ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ ಎಂದೆ. ಅವರು ಅಲ್ಲೇ ತಡೆದರು. "ನನಗೊಬ್ಬಳಿಗೇ ಹೇಳೋದು ಬೇಡ. ಎರಡೂ ಕಡೆ ವಕೀಲರನ್ನ ಕರೆಸ್ತೀನಿ, ಅವರ ಎದುರು ಹೇಳ್ತೀರಾ?" ಎಂದರು.

ಹೇಳಿದೆ. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಕೇಳುವಂತೆ ಕೂಗಿದವನಿಗೆ ಆ ಸಣ್ಣ ಕೋಣೆಯಲ್ಲಿ ದನಿಯೇ ಏಳಲಿಲ್ಲ. ಅಪ್ಪನ ಕಡೆಯ ವಕೀಲರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ಮೇಡಂ ನಾನು ಹೇಳಿದ್ದನ್ನೆಲ್ಲ ಟೈಪ್ ಮಾಡಿಸಿ ನನ್ನ ಸಹಿ ಹಾಕಿಸಿಕೊಂಡರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹುಡುಗಿಯನ್ನು ಕರೆಸುವ ದಿನಕ್ಕೆ ಹಳೇ ಫೈಲಿನ ಕೋಣೆಯನ್ನು ನಾನೇ ಗುಡಿಸಿ ಒರೆಸಿದೆ. ಒಂದು ತಗ್ಗು ಮೇಜು, ಎರಡು ಮರದ ಸ್ಟೂಲು ಹಾಕಿದೆ. ಅವಳನ್ನು ಹಿಂದಿನ ಬಾಗಿಲಿನಿಂದ, ಕಾಯಿಸದೆ, ಒಬ್ಬ ಸಮಾಜ ಕಾರ್ಯಕರ್ತೆ ಕರೆತರುವುದೆಂದು ತೀರ್ಮಾನವಾಗಿತ್ತು. ನಾನು ಆ ದಿನ ರಜೆ ಹಾಕಲೇ ಎಂದು ಮೇಡಂ ಅವರನ್ನು ಕೇಳಿದೆ.

"ಬೇಡ. ದೂರದಲ್ಲಿ ನಿಂತಿರಿ. ನೀವಾಗಿ ಹತ್ತಿರ ಹೋಗ್ಬೇಡಿ. ಅವಳೇ ಬಂದು ಮಾತಾಡ್ಸಿದ್ರೆ ನಿಜ ಹೇಳಿ. ತಮಾಷೆ ಮಾತ್ರ ಬೇಡ" ಎಂದರು.

ಹತ್ತು ಗಂಟೆಗೆ ಬಂದಳು. ಉದ್ದವಾಗಿದ್ದಳು, ಆದರೆ ಸೊರಗಿದ್ದಳು. ಜಗಲಿಯ ತುದಿಯಲ್ಲಿ ನಿಂತಿದ್ದ ನನ್ನನ್ನು ಒಂದು ಕ್ಷಣ ನೋಡಿದಳು. ಅವಳ ಹೆಜ್ಜೆ ನಿಂತಿತು. ನಾನು ನೆಲ ನೋಡಿದೆ. ಕಾರ್ಯಕರ್ತೆ ಏನೋ ಹೇಳಿದ ಮೇಲೆ ಒಳಗೆ ಹೋದಳು. ಕರಿ ಕೋಟಿಲ್ಲದೆ, ಬರೀ ಸೀರೆಯಲ್ಲಿ ಮೇಡಂ ಹೋದರು. ಬಾಗಿಲು ಹಾಕಿಕೊಂಡಿತು. ಮತ್ತೆ ತೆಗೆಯಲು ಮುಕ್ಕಾಲು ಗಂಟೆಯಾಯಿತು. ಒಳಗೆ ಅವಳು ಏನು ಹೇಳಿದಳು ಎಂದು ನನಗೆ ಗೊತ್ತಿಲ್ಲ, ಗೊತ್ತಾಗಬಾರದು ಕೂಡ. ಮಾತಾಡಿದಳು ಎನ್ನುವುದು ಮಾತ್ರ ಗೊತ್ತು. ಆ ವಾರವೇ ಆದೇಶವಾಯಿತು: ಇರುವುದು ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ, ರಜೆಯಲ್ಲಿ ಅಪ್ಪನ ಹತ್ತಿರ.

ಆದರೆ ಆ ದಿನ ಹೊರಗೆ ಬಂದವಳು ನೇರವಾಗಿ ಅಲ್ಲಿ ಕಾಯುತ್ತಿದ್ದ ಚಿಕ್ಕಮ್ಮನ ಹತ್ತಿರ ಹೋಗಲಿಲ್ಲ. ಜಗಲಿಯ ಉದ್ದಕ್ಕೂ ನಡೆದು ಬಂದು ನನ್ನ ಎದುರು ನಿಂತಳು.

"ನೀವೇ ಅಲ್ದಾ ಅವತ್ತು ಕೂಗಿದ್ದು?"

"ಹೌದು ಮಗಾ, ನಾನೇ."

"ಇವತ್ತು ಕೂಗ್ಲಿಲ್ಲ."

"ಇನ್ನು ಮಕ್ಳ ಹೆಸ್ರು ಕೂಗಲ್ಲ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. ಆಮೇಲೆ, ಯಾರಿಗೂ ಕೇಳಬಾರದು ಎನ್ನುವಷ್ಟು ಮೆಲ್ಲಗೆ, "ಅವತ್ತು ನಾನು ಎಂತ ತಪ್ಪು ಮಾಡಿದ್ದೆ?" ಎಂದಳು.

ಎರಡು ವರ್ಷ ಈ ಪ್ರಶ್ನೆ ಇಟ್ಟುಕೊಂಡೇ ಉಂಡಿದ್ದಾಳೆ, ಮಲಗಿದ್ದಾಳೆ, ಶಾಲೆಗೆ ಹೋಗಿದ್ದಾಳೆ. ನಾನು ಅಲ್ಲೇ ನೆಲದ ಮೇಲೆ ಕೂತೆ. ಆಗ ಅವಳ ಮುಖ ನನ್ನ ಮುಖದ ಸಮಕ್ಕೆ ಬಂತು.

"ನೀನು ಎಂಥದೂ ಮಾಡಿರ್ಲಿಲ್ಲ. ತಪ್ಪು ಮಾಡಿದ್ದು ನಾನು. ನಿಂಗೆ ಸುಳ್ಳು ಹೇಳಿದ್ದೆ. ಹೆಸ್ರು ಕೂಗಿದೋರನ್ನೆಲ್ಲ ಕರ್ಕೊಂಡು ಹೋಗಲ್ಲ."

ಅವಳು ನನ್ನನ್ನೇ ನೋಡುತ್ತಾ ಯೋಚಿಸಿದಳು.

"ಮತ್ತೆ, ತಪ್ಪು ನಿಮ್ದಾದ್ರೆ ನಿಮ್ಮನ್ನ ಯಾರೂ ಕರ್ಕೊಂಡು ಹೋಗ್ಲಿಲ್ವಾ?"

"ಇಲ್ಲ ಮಗಾ" ಎಂದೆ.

ಅವಳು ತಲೆಯಾಡಿಸಿ ಚಿಕ್ಕಮ್ಮನ ಕಡೆ ಹೋದಳು. ನಾನು ಗೋಡೆ ಹಿಡಿದು ಎದ್ದೆ. ಒಳಗಿನಿಂದ ಬೆಂಚ್ ಕ್ಲರ್ಕ್ ಮುಂದಿನ ಕೇಸಿನ ನಂಬರು ಹೇಳುತ್ತಿದ್ದರು.