ಮೊಮ್ಮಗಳ ಕರುಳು ಮತ್ತೆ ಒಳಗೆ ಸೇರಿದ್ದು

ನನ್ನ ಮೊಮ್ಮಗಳು ಹೂಸು ಬಿಟ್ಟಳು! ಬೆಂಗಳೂರಿನ ಆಸ್ಪತ್ರೆಯಿಂದ ಮಗ ತಂದ ಸುದ್ದಿ ಅದು. ಹಿಪ್ಪುನೇರಳೆ ಸೊಪ್ಪಿನ ಮಂಕರಿ ಇಳಿಸಿ, ಶಿಡ್ಲಘಟ್ಟದ ನಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ.

ಅರವತ್ತರ ದಶಕದ ಮಾತು. ಮಗುವಿಗೆ ಒಂಬತ್ತು ವರ್ಷ. ಟೈಫಾಯಿಡ್‌ನಲ್ಲಿ ಕರುಳು ತೂತಾಗಿತ್ತು. ಡಾಕ್ಟರು ಹೊಟ್ಟೆ ಕೊಯ್ದು, ಕರುಳನ್ನು ಹೊರಗೆ ತಂದು ಚರ್ಮಕ್ಕೆ ಹೊಲಿದರು. ಮಲವೆಲ್ಲ ಅಲ್ಲಿಂದಲೇ. ಹಳೇ ಪಂಚೆ ಹರಿದು ಮಡಿಸಿ ಕಟ್ಟುತ್ತಿದ್ದೆವು. ನೆನೆದಾಗಲೆಲ್ಲ ಬಿಚ್ಚಿ, ಬೆಚ್ಚಗಿನ ನೀರಲ್ಲಿ ತೊಳೆದು, ಸುತ್ತಲಿನ ಚರ್ಮ ಬೇಯದಂತೆ ಆಸ್ಪತ್ರೆಯ ಬಿಳಿ ಮುಲಾಮು ಹಚ್ಚಬೇಕು. ವಾಸನೆಗೆ ನಾಚಿ ಮಗು ಒಳಕೋಣೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು.

ಮೊದಲು ಊದಿಕೊಂಡಿದ್ದ ಆ ಕರುಳಿನ ತುದಿ ವಾರಗಳು ಕಳೆದಂತೆ ಕುಗ್ಗಿತು. ಆದರೆ ಕೆಂಪಗೆ, ಒದ್ದೆಯಾಗೇ ಇತ್ತು. ಅದನ್ನು ನೋಡಿದ್ದೇ ನನ್ನ ಅಕ್ಕ, “ಗಾಯ ಒಣಗಿಲ್ಲ ಕಣೇ! ಬೇಳೆ, ಬದನೆಕಾಯಿ, ಮೊಟ್ಟೆ ಎಲ್ಲ ನಂಜು” ಎಂದು ಪಥ್ಯ ಹಾಕಿದಳು. ಬರೀ ಅನ್ನ, ಮೆಣಸಿನ ಸಾರು. ಮಗು ಕಡ್ಡಿಯಾಯಿತು.

ಕರುಳು ಒಳಗೆ ಸೇರಿಸುತ್ತಾರೆಂದು ಬೆಂಗಳೂರಿಗೆ ಕರೆದೊಯ್ದರೆ ಡಾಕ್ಟರು ಬೈದರು. “ಅಜ್ಜಿ, ಇದು ಗಾಯ ಅಲ್ಲ, ಕರುಳು. ನಿಮ್ಮ ಬಾಯೊಳಗಡೆ ಇದ್ದ ಹಾಗೆ ಕೆಂಪಗೆ, ಒದ್ದೆಯಾಗೇ ಇರ್ಬೇಕು. ಕಪ್ಪಾದ್ರೆ ಓಡಿ ಬನ್ನಿ. ಇಷ್ಟು ಸೊರಗಿದ್ರೆ ಹೊಲಿಗೆ ಕೂಡಲ್ಲ. ಚೆನ್ನಾಗಿ ತಿನ್ಸಿ ಕರ್ಕೊಂಡು ಬನ್ನಿ.”

ತಿನ್ನಿಸಿದೆವು. ಅಕ್ಕನೇ ಮೊಟ್ಟೆ ಬೇಯಿಸಿ ಕೊಡುತ್ತಾ, “ಆ ಡಾಕ್ಟ್ರೇನು ಮಕ್ಕಳನ್ನ ಹೆತ್ತವ್ನಾ?” ಎಂದು ಗೊಣಗುತ್ತಿದ್ದಳು. ಕೆನ್ನೆ ತುಂಬಿದ ಮೇಲೆ ಡಾಕ್ಟರು ಒಪ್ಪಿದರು. ಚರ್ಮದಿಂದ ಕರುಳು ಬಿಡಿಸಿ, ಎರಡು ತುದಿ ಸೇರಿಸಿ ಹೊಲಿದು, ಒಳಗಿಟ್ಟು ಹೊಟ್ಟೆ ಮುಚ್ಚಿದರು. ಕೈಗೆ ಗ್ಲೂಕೋಸು, ಮೂಗಿಗೆ ಕೊಳವೆ. ಗಾಳಿ ಹೋಗುವವರೆಗೆ ತೊಟ್ಟು ನೀರೂ ಇಲ್ಲ. ಕರುಳು ಕೆಲಸ ಹಿಡಿಯಿತೆನ್ನಲು ಅದೇ ಗುರುತಂತೆ. ಸೊಸೆಯನ್ನು ಮಗುವಿನ ಹತ್ತಿರ ಬಿಟ್ಟು ಊರಿಗೆ ಬಂದ ನನಗೆ ಅನ್ನ ಇಳಿಯುತ್ತಿರಲಿಲ್ಲ. ಆಗ ಬಂದದ್ದು ಮಗನ ಸುದ್ದಿ. ನೀರು, ಮಜ್ಜಿಗೆ ಕುಡಿಸಿ ಆಗಿದೆ, ಸಂಜೆಗೆ ಗಂಜಿ ಕೊಡುತ್ತಾರೆ ಎಂದ.

ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ಪಕ್ಕದ ಮನೆಯವರಿಗೆ ಹೇಳಿ, ಮುದ್ದೆ, ಸಾರು ಕಟ್ಟಿಕೊಂಡು ಮನೆಮಂದಿಯೆಲ್ಲ ಬಸ್ಸು ಹತ್ತಿದೆವು. ಸಂಜೆ ವಾರ್ಡಿನಲ್ಲಿ ಮಗುವಿನ ಮಂಚದ ಸುತ್ತ ನೆಲದ ಮೇಲೆ ಕೂತೆವು. ಅವಳು ಗಂಜಿ ಮುಗಿಸಿ, “ಅಜ್ಜಿ, ನಂಗೂ ಮುದ್ದೆ” ಎಂದಳು.

“ಡಾಕ್ಟ್ರು ಹೇಳ್ಲಿ ಇರಮ್ಮ.”

ನರ್ಸಮ್ಮ ಬಾಗಿಲಲ್ಲಿ ನಿಂತು, “ಇದೇನ್ರೀ, ಮದುವೆ ಮನೇನಾ?” ಎಂದರು.

“ಹೂಂ ಕಣಮ್ಮ, ನೀನೂ ಕೂತ್ಕೋ” ಎಂದು ಅಕ್ಕ ಅವರಿಗೂ ಒಂದು ತುತ್ತು ಮುರಿದಳು.