ಕೃಷಿ ಮಂತ್ರಿಗಳ ಮುಂದೆ ಕುರಿಯ ಮಾತು

ನಾನು ಕೊಟ್ಟೂರಿನ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು. ಕೃಷಿಗೂ ನನಗೂ ಇದ್ದ ನಂಟೆಂದರೆ ಸಂತೆಯಲ್ಲಿ ಕಾಯಿಪಲ್ಲೆ ಆರಿಸುವುದಷ್ಟೆ. ದೆಹಲಿಯಿಂದ ಕೃಷಿ ಮಂತ್ರಿಗಳು ಪರದೆಯ ಮೇಲೆ ರೈತರೊಡನೆ ಮಾತಾಡುತ್ತಾರೆ, ಅವರ ಹಿಂದಿಯನ್ನು ಕನ್ನಡಕ್ಕೆ, ನಮ್ಮವರ ಕನ್ನಡವನ್ನು ಹಿಂದಿಗೆ ಹೇಳಲು ನೀವು ಬರಬೇಕು ಎಂದು ಒಬ್ಬ ಅಧಿಕಾರಿ ಕೇಳಿದಾಗ ಒಪ್ಪಿಕೊಂಡೆ. ಒಳಗೊಳಗೆ ಹೆಮ್ಮೆಯೂ ಆಗಿತ್ತು.

ಹಗರಿಬೊಮ್ಮನಹಳ್ಳಿಯ ಸಭಾಭವನ ಮುಟ್ಟಿದಾಗ ಮುಂದಿನ ಸಾಲಿನಲ್ಲಿ ತಂಬ್ರಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಕೂತಿದ್ದಳು. ನವಣೆ ಬೆಳೆದು, ಊರಿನ ಹೆಂಗಸರ ಸಂಘದ ಮೂಲಕ ಮಾರುತ್ತಿದ್ದಳಂತೆ. ಅದಕ್ಕೇ ಮಂತ್ರಿಗಳ ಜೊತೆ ಮಾತಾಡಲು ಅವಳನ್ನು ಆರಿಸಿದ್ದರು. ನವಣೆಯ ಬಗ್ಗೆ ಏನು ಹೇಳಬೇಕೆಂದು ಅಧಿಕಾರಿ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದರು. ಅವಳ ಕಣ್ಣು ಮಾತ್ರ ಮಡಿಲಲ್ಲಿದ್ದ ಮೊಬೈಲಿನ ಮೇಲೇ ಇತ್ತು.

ಅಧಿಕಾರಿ ಅತ್ತ ಹೋದ ಮೇಲೆ ಕೇಳಿದೆ. “ಯಾಕಕ್ಕ, ಹೆದರಿಕಿ ಆಗೈತೇನು?”

“ಹೆದರಿಕಿ ಅಲ್ರಿ ಮೇಡಂ. ಮನ್ಯಾಗ ಕುರಿ ಸಾಯಾಕತ್ತಾವ. ಮೂಗು ಸೋರತಾವ, ಬಾಯಾಗ ಹುಣ್ಣು ಎದ್ದಾವ, ಉಚ್ಚಿಕೊಂಡು ಉಚ್ಚಿಕೊಂಡು ಬೀಳಾಕತ್ತಾವ.”

“ಡಾಕ್ಟರಿಗೆ ಹೇಳಿಲ್ಲೇನು?”

“ಅವರಿಗೆ ಸುತ್ತಮುತ್ತ ಎಲ್ಲಾ ಹಳ್ಳಿ ಕೊಟ್ಟಾರಂತ. ಬರತೀನಿ ಅಂತಾರ, ಬರಾಕ ಆಗಿಲ್ಲ. ಮಂತ್ರಿ ಒಂದು ಮಾತು ಹೇಳಿದ್ರ ಬರಲಾರದಂಗ ಇರತಾರೇನ್ರಿ? ಅದಕ್ಕ ಗಂಡನ್ನ ರೊಪ್ಪದಾಗ ಬಿಟ್ಟು ಬಂದೀನಿ.”

ಕುರಿ ಕೂಡುವ ಮುಳ್ಳುಬೇಲಿಯ ಆ ರೊಪ್ಪ ನನ್ನ ಕಣ್ಣಿಗೂ ಕಟ್ಟಿದಂತಾಯಿತು. ಇವಳು ಇಲ್ಲಿ ಹೊಸ ಸೀರೆ ಉಟ್ಟು, ಕೊರಳಿಗೆ ಯಾರೋ ಹಾಕಿದ ಶಾಲು ಹೊದ್ದು ಕೂತಿದ್ದಳು.

ಪರದೆ ಬೆಳಗಿತು. ಮೊದಲು ಬೇರೆ ರಾಜ್ಯಗಳ ರೈತರು ಮಾತಾಡಿದರು. ಬಿಸಿಲೇರಿತು. ಅವಳ ಮೊಬೈಲು ಮತ್ತೆ ಮತ್ತೆ ನಡುಗುತ್ತಿತ್ತು, ಸಭೆಯಲ್ಲಿ ಎತ್ತಬಾರದೆಂದು ಹೇಳಿದ್ದರಿಂದ ಅಂಗೈಯಲ್ಲಿ ಅದುಮಿಕೊಂಡಿದ್ದಳು. ಕೊನೆಗೆ ನಮ್ಮ ಸರದಿ ಬಂತು. ಮಂತ್ರಿಗಳು ನಗುತ್ತಾ ಕೈಮುಗಿದು, ತಂಗಿ, ನವಣೆ ಹೇಗೆ ಬಂದಿದೆ ಎಂದು ಕೇಳಿದರು. ಅದನ್ನು ಕನ್ನಡದಲ್ಲಿ ಹೇಳಿದೆ.

ಅವಳು ಎದ್ದು ನಿಂತು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. “ನವಣಿ ಚಲೋ ಬಂದೈತ್ರಿ ಸಾಹೇಬ್ರ. ಕುರಿ ಸಾಯಾಕತ್ತಾವ. ಡಾಕ್ಟರನ್ನ ಕಳಸ್ರಿ. ನಿಮ್ಮ ಕಾಲಿಗೆ ಬೀಳತೀನಿ, ಇವತ್ತ ಕಳಸ್ರಿ.”

ಅಧಿಕಾರಿ ನನ್ನತ್ತ ನೋಡಿ ಬೇಡವೆಂಬಂತೆ ತಲೆಯಾಡಿಸಿದರು. ನಾನು ಅವಳ ಮಾತನ್ನು ಒಂದೂ ಬಿಡದೆ ಹಿಂದಿಯಲ್ಲಿ ಹೇಳಿದೆ. ಮೊದಲು ನನಗೆ ಹೇಳಿದ್ದ ಮೂಗು, ಬಾಯಿ, ಭೇದಿ, ಎಲ್ಲವನ್ನೂ ಸೇರಿಸಿದೆ.

ಮಂತ್ರಿಗಳ ನಗು ಆರಿತು. ಅವರು ಕಲ್ಲುಮನಸ್ಸಿನವರೇನಲ್ಲ, ನಿಜಕ್ಕೂ ಮರುಗಿದಂತೆ ಕಂಡಿತು. ಪಶುಸಂಗೋಪನೆ ಬೇರೆ ಮಂತ್ರಾಲಯ ತಂಗಿ, ಅದಕ್ಕೆ ಬೇರೆ ಮಂತ್ರಿ ಇದ್ದಾರೆ, ಡಾಕ್ಟರು ರಾಜ್ಯ ಸರ್ಕಾರದವರು, ನಾನು ಆ ಮಂತ್ರಿಗೆ ಹೇಳುತ್ತೇನೆ ಎಂದರು. ಮರುಗಳಿಗೆಗೆ ಪರದೆಯ ಮೇಲೆ ಇನ್ನಾವುದೋ ರಾಜ್ಯದ ಹತ್ತಿ ಬೆಳೆಗಾರ ಕಾಣಿಸಿಕೊಂಡ.

“ಏನಂದ್ರು ಮೇಡಂ?” ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು.

ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. “ಹೊಲ ಮಾಡೋರೂ ನಾವ, ಕುರಿ ಕಾಯೋರೂ ನಾವ. ಇವರು ದೊಡ್ಡ ಮಂತ್ರಿ ಅಲ್ಲೇನ್ರಿ?”

“ಹೌದಕ್ಕ, ದೊಡ್ಡವರ. ಆದರ ಕುರಿ ಇವರ ಕೈಯಾಗ ಇಲ್ಲ.”

“ಹಂಗಾರ ಆ ಇನ್ನೊಬ್ಬರಿಗೆ ಫೋನ್ ಹಚ್ಚಿಕೊಡ್ರಿ. ನಿಮಗ ಹಿಂದಿ ಬರತೈತಲ್ಲ.”

ಹೊರಗೆ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಹುಡುಕಿ ದೆಹಲಿಗೆ ಫೋನ್ ಹಚ್ಚಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ರಾಜ್ಯದವರನ್ನು ಕೇಳಿ ಎಂದರು. ರಾಜ್ಯದ ನಂಬರಿನಲ್ಲಿ ಸಂಗೀತ ಬರುತ್ತಲೇ ಇತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಗಂಡನ ಫೋನು ಬಂತು. ಎತ್ತಿದಳು, ಕೇಳಿದಳು. “ಟಗರೂ ಹೋತಂತ,” ಎಂದಷ್ಟೇ ಹೇಳಿ ಶಾಲು ತೆಗೆದು ಮೆಟ್ಟಿಲ ಮೇಲಿಟ್ಟಳು. ಒಳಗೆ ಊಟಕ್ಕೆ ಕರೆಯುತ್ತಿದ್ದರು.

ಅವಳನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಆಟೋ ಮಾಡಿಕೊಂಡು ಇಬ್ಬರೂ ದನದ ಡಾಕ್ಟರನ್ನು ಹುಡುಕುತ್ತಾ ಹೋದೆವು. ಯಾವುದೋ ಹಳ್ಳಿಯ ಬೇರೊಬ್ಬರ ರೊಪ್ಪದಲ್ಲಿ ಸಿಕ್ಕರು. ಅಂಗಿಯೆಲ್ಲ ಬೆವರು, ಕಣ್ಣು ಕೆಂಪಾಗಿದ್ದವು. ಇಲ್ಲಿ ಮುಗಿಸಿದ ಕೂಡಲೇ ಬರುತ್ತೇನೆ ಎಂದವರು ಮಾತು ಉಳಿಸಿಕೊಂಡರು, ಸಂಜೆಗೆ ಬಂದರು. ಬೇನೆ ಹೊಕ್ಕ ಕುರಿಗೆ ಲಸಿಕೆ ಹಾಕಿ ಉಪಯೋಗವಿಲ್ಲ, ಔಷಧಿ ಕೊಡುತ್ತೇನೆ, ಉಳಿದರೆ ನಿಮ್ಮ ಪುಣ್ಯ ಎಂದರು. ಲಸಿಕೆಯನ್ನು ಅಕ್ಕಪಕ್ಕದವರ ಹಿಂಡಿಗೆ ಹಾಕಿದರು. ಅವಳು ಬೇಲಿಯ ಈಚೆ ನಿಂತು ಅದನ್ನು ನೋಡಿದಳು.

ಮುಂದಿನ ಭಾನುವಾರ ನಾನು ಮತ್ತೆ ಹೋದೆ. ಗಂಡ ಊರಾಚೆ ಗುಂಡಿ ತೋಡಿ ಸುಣ್ಣ ಸುರಿಯುತ್ತಿದ್ದ. ರೊಪ್ಪ ಬಹುಪಾಲು ಖಾಲಿಯಾಗಿತ್ತು. ಅವಳು ತೊಡೆಯ ಮೇಲೆ ಒಂದು ಮರಿಯನ್ನು ಮಲಗಿಸಿಕೊಂಡು, ಲೋಟದಲ್ಲಿ ಗಂಜಿ ಹಿಡಿದು ಕೂತಿದ್ದಳು. ನನ್ನನ್ನು ಕಂಡು ಏಳಲಿಲ್ಲ.

“ಬರ್ರಿ. ಇದರ ಬಾಯಿ ಸ್ವಲ್ಪ ಹಿಡೀರಿ.”

ಕೂತು ಹಿಡಿದೆ. ಹುಣ್ಣಾದ ವಸಡು ನನ್ನ ಬೆರಳಿಗೆ ಬಿಸಿಯಾಗಿ ತಾಗಿತು. ಅವಳು ಗಂಜಿ ಹನಿಸಿದಳು. ಒಂದಿಷ್ಟು ಒಳಗಿಳಿಯಿತು, ಉಳಿದದ್ದು ನನ್ನ ಮುಂಗೈ ಮೇಲೆ ಹರಿಯಿತು. ಅವಳು ಸೆರಗಿನಿಂದ ಮೊದಲು ಮರಿಯ ಮೂತಿ ಒರೆಸಿದಳು, ಆಮೇಲೆ ನನ್ನ ಕೈ.

“ಇನ್ನೊಂದು ಗುಟುಕು ನೋಡೋಣ್ರಿ,” ಎಂದಳು.

ನಾನು ಬಸ್ಸಿಗೆ ಹೊರಡುವ ಮೊದಲೇ ಅದು ಸತ್ತಿತು.